ದೊಡ್ಡಪ್ಪ ಹೇಳಿದ ನಾಲ್ಕು ‘ಹೌದು’

ಕೋರ್ಟಿನಲ್ಲಿ ಕನ್ನಡ ದುಭಾಷಿಯ ಕೆಲಸಕ್ಕೆ ಹೊಸದಾಗಿ ಸೇರಿರುವ ನಾಲ್ಕೈದು ಮಂದಿಗೆ ಓದಲು ಏನಾದರೂ ಬರೆದುಕೊಡಿ ಎಂದು ವಿದ್ಯಾ ಎರಡು ತಿಂಗಳಿಂದ ನನ್ನ ಬೆನ್ನು ಹತ್ತಿದ್ದಾಳೆ. ಮಂಗಳೂರಿನ ಹುಡುಗಿ, ನೇರ ಮಾತು. “ಆಂಟಿ, ಕಾನೂನಿನ ಶಬ್ದಗಳ ಪಟ್ಟಿ ನಮ್ಮ ಹತ್ರ ಉಂಟು. ಅದು ಬೇಡ. ನೀವು ಮಾಡಿದ ತಪ್ಪುಗಳನ್ನು ಬರೀರಿ. ಅದೇ ಉಪಯೋಗಕ್ಕೆ ಬರುವುದು” ಅಂದಳು. ತಪ್ಪುಗಳಿಗೇನು ಕೊರತೆ? ಹತ್ತೊಂಬತ್ತು ವರ್ಷ ಆ ಕೆಲಸ ಮಾಡಿದ್ದೇನೆ. ಬೆಳಗಿನ ಪೂಜೆ ಮುಗಿಸಿ, ಮನೆಯವರು ವಾಕಿಂಗ್ ಹೋದ ಮೇಲೆ, ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ನಡುವೆ ಎದ್ದು ಹುಳಿ ಕಲಕಿ ಬಂದರೆ ಸೈರಿಸಿಕೊಳ್ಳಿ.

ನಾನು ಮನೆವಾರ್ತೆಯ ಹೆಂಗಸು. ಹಾಸನದಿಂದ ಮದುವೆಯಾಗಿ ಕೆನಡಾಕ್ಕೆ ಬಂದವಳು. ನಮ್ಮವರಿಗೆ ಮೆಡೋವೇಲ್‌ನಲ್ಲಿ ಆಫೀಸು, ಮನೆ ಜಾರ್ಜ್‌ಟೌನ್‌ನಲ್ಲಿ. ಮಕ್ಕಳಿಬ್ಬರೂ ಹೈಸ್ಕೂಲು ಸೇರಿ, ಮಧ್ಯಾಹ್ನಗಳು ಉದ್ದವಾಗತೊಡಗಿದ ಕಾಲದಲ್ಲಿ ನಮ್ಮ ಕನ್ನಡ ಬಳಗದ ಹಿರಿಯ ಡಾಕ್ಟರೊಬ್ಬರು ಫೋನು ಮಾಡಿದರು.

“ಏನಮ್ಮಾ, ನಿನಗೆ ಕನ್ನಡ ಚೆನ್ನಾಗಿ ಬರುತ್ತಲ್ಲ? ಕೋರ್ಟಿಗೆ ಒಬ್ಬರು ಬೇಕಂತೆ.”

“ಕೋರ್ಟಾ? ಡಾಕ್ಟ್ರೇ, ನಮ್ಮನೇಲಿ ಯಾರೂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ.”

“ಕಳ್ಳತನ ಮಾಡಿ ಹತ್ತು ಅಂತ ಹೇಳ್ತಿಲ್ಲವಲ್ಲ ತಾಯಿ!”

ಹಾಗೆ ಹತ್ತಿದೆ. ಪರೀಕ್ಷೆ, ತರಬೇತಿ ಎಲ್ಲ ಮುಗಿಸಿ ಮೊದಲ ದಿನ ಹೋದಾಗ ಪ್ರಮಾಣ ಮಾಡಿಸುವ ಗುಮಾಸ್ತೆ ಒಂದು ಬೈಬಲ್ ತಂದು ಮುಂದೆ ಹಿಡಿದಳು. ಬೇರೆ ಗ್ರಂಥ ಕೇಳಬಹುದು, ಗ್ರಂಥವಿಲ್ಲದೆಯೂ ಪ್ರಮಾಣ ಮಾಡಬಹುದು ಎಂದು ತರಬೇತಿಯಲ್ಲಿ ಹೇಳಿದ್ದರು. ನನಗೆ ಮರೆತೇಹೋಗಿತ್ತು. ದೇವರ ಪುಸ್ತಕ ಅಲ್ಲವೇ, ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ಗುಮಾಸ್ತೆ ಕೈ ಚಾಚಿಕೊಂಡು ನಿಂತೇ ಇದ್ದಳು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, “ಇವರು ಸುಳ್ಳು ಹೇಳುವವರ ಹಾಗೆ ಕಾಣುವುದಿಲ್ಲ” ಎಂದರು. ಆ ಮಾತು ಮುಂದೆ ಎಷ್ಟೋ ವರ್ಷದ ಮೇಲೆ ನನ್ನ ಎದೆಗೆ ಚುಚ್ಚಿತು. ಅದಕ್ಕೆ ಬರುತ್ತೇನೆ.

ಕೆಲಸ ಹಂಚುತ್ತಿದ್ದವಳು ಡೊರೀನ್ ಎಂಬ ದಪ್ಪ ದನಿಯ ಹೆಂಗಸು. ಬೆಳಗ್ಗೆ ಏಳಕ್ಕೆ ಸರಿಯಾಗಿ ಫೋನು. ನಾನು ಆಗಷ್ಟೇ ದೀಪ ಹಚ್ಚುತ್ತಿರುತ್ತಿದ್ದೆ. ಹಿಂದೆ ಗಂಟೆ ಸದ್ದು ಕೇಳಿದರೆ, “ನಿನ್ನ ದೇವರಿಗೆ ನನ್ನದೂ ಒಂದು ನಮಸ್ಕಾರ ಹೇಳು, ಹತ್ತು ಗಂಟೆಗೆ ಮೂರನೆಯ ಮಹಡಿ” ಎಂದು ಇಟ್ಟುಬಿಡುತ್ತಿದ್ದಳು. ಬೈಯುವುದರಲ್ಲಿಯೂ ಅಷ್ಟೇ ಚುರುಕು. ಒಮ್ಮೆ ಕಾರಿಡಾರಿನಲ್ಲಿ ಅಳುತ್ತಾ ಕೂತಿದ್ದ ಒಬ್ಬ ಹೆಂಗಸಿಗೆ ನನ್ನ ಡಬ್ಬಿಯ ಚಕ್ಕುಲಿ ಕೊಟ್ಟೆ. ಅವಳು ಆ ಕೇಸಿನ ಆರೋಪಿ ಎಂದು ಗೊತ್ತಿತ್ತು. ಆದರೂ ಬೆಳಗಿನಿಂದ ಏನೂ ತಿಂದಿರಲಿಲ್ಲವಲ್ಲ ಪಾಪ! ಮಾರನೆಯ ದಿನ ಡೊರೀನ್ ಕರೆಸಿ ಕೂರಿಸಿಕೊಂಡಳು. “ಆ ಕಡೆಯ ಲಾಯರು ನೋಡಿದ್ದಾನೆ. ನಾಳೆ ನೀನು ಅವಳ ಮಾತನ್ನು ಸಿಹಿ ಮಾಡಿ ಹೇಳಿದೆ ಅಂತಾನೆ. ನೀನು ಅವರ ಅತ್ತಿಗೆಯೂ ಅಲ್ಲ, ಅಕ್ಕನೂ ಅಲ್ಲ. ಅವರ ನಾಲಿಗೆ. ಅಷ್ಟೇ.” ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಕೇಳಿಸಿಕೊಂಡೆ ಅಷ್ಟೇ, ಕಲಿತೆ ಎನ್ನಲಾರೆ.

ಈ ಕೆಲಸದಲ್ಲಿ ‘ಅವರು ಹೀಗೆ ಹೇಳುತ್ತಾರೆ’ ಎನ್ನುವ ಹಾಗಿಲ್ಲ. ಅವರು ‘ನಾನು’ ಎಂದರೆ ನಾವೂ ‘ನಾನು’ ಎನ್ನಬೇಕು. ಮೊದಮೊದಲು ನಾಚಿಕೆಯಾಗುತ್ತಿತ್ತು. ಸಂಜೆ ಮನೆಯವರು ಕಾಫಿ ಕುಡಿಯುತ್ತಾ, “ಇವತ್ತು ಯಾರಾಗಿದ್ದೆ?” ಎಂದು ಕೇಳುತ್ತಿದ್ದರು. “ಬೋಲ್ಟನ್ ದಾರೀಲಿ ಕೆಂಪು ದೀಪ ದಾಟಿದ ಟ್ರಕ್ ಡ್ರೈವರ್ ಆಗಿದ್ದೆ.” “ಲೈಸೆನ್ಸ್ ಉಳೀತಾ?” “ಹೂಂ, ದೇವರ ದಯೆ.” ಇನ್ನೊಂದು ದಿನ ಬೆಳಗಾವಿ ಕಡೆಯ ಎಪ್ಪತ್ತು ವರ್ಷದ ಅಜ್ಜನಾಗಿದ್ದೆ, ಪಕ್ಕದ ಮನೆಯವನ ಬೇಲಿ ಮುರಿದಿದ್ದೆ. “ನನ್ನ ಮೀಸೆ ಹಿಡಿದು ಎಳೆದ” ಎಂದು ನಾನೇ ಗಂಭೀರವಾಗಿ ಇಂಗ್ಲಿಷಿನಲ್ಲಿ ಹೇಳಿದಾಗ ಕೋರ್ಟು ಕೋರ್ಟೇ ನಕ್ಕಿತು. ಅಜ್ಜ ಮಾತ್ರ ನನ್ನ ಕಡೆ ಮೆಚ್ಚುಗೆಯಿಂದ ನೋಡಿದ.

ಪದ್ಧತಿಗಳೂ ಬದಲಾದವು. ನಾನು ಸೇರಿದಾಗ ಪಕ್ಕದಲ್ಲಿ ನಿಂತು ಕಿವಿಯಲ್ಲಿ ಪಿಸುಗುಡಬೇಕಿತ್ತು. ಆಮೇಲೆ ಕಿವಿಗೆ ಸಿಕ್ಕಿಸುವ ಯಂತ್ರ ಕೊಟ್ಟರು. ಅದು ಒಂದು ದಿನ ಇದ್ದರೆ ಒಂದು ದಿನ ಇಲ್ಲ. ಆಮೇಲೆ ಕೊರೊನಾ ರೋಗ ಬಂದು ಕೋರ್ಟು ಮನೆಯ ಕಂಪ್ಯೂಟರಿನೊಳಗೇ ಬಂತು. ನಮ್ಮ ಬೇಸ್‌ಮೆಂಟಿನಲ್ಲಿ ನೆಟ್ಟು ಸರಿಯಾಗಿ ಬರದೆ, ದೇವರ ಗೂಡಿನ ಪಕ್ಕ ಕೂತು ಕೆಲಸ ಮಾಡಿದೆ. ಒಬ್ಬನ ಜಾಮೀನಿನ ವಾದ ಗಟ್ಟಿಯಾಗಿ ನಡೆಯುತ್ತಿರುವಾಗ ಕುಕ್ಕರು ಕೂಗಿತು. “ಅದು ಬೆಂಕಿಯ ಅಲಾರಮ್ಮೇ? ಎಲ್ಲರೂ ಕ್ಷೇಮವೇ?” ಎಂದರು ನ್ಯಾಯಾಧೀಶರು. “ಇಲ್ಲ ಸ್ವಾಮಿ, ಬೇಳೆ” ಎಂದೆ. ಅವರು ಎರಡನೆಯ ಕೂಗಿನ ತನಕ ಕಾದು ಮುಂದುವರಿಸಿದರು.

ದೀಪದ ಪಕ್ಕದಲ್ಲಿ ನನ್ನದೊಂದು ಪುಟ್ಟ ನೋಟ್‌ಬುಕ್ಕು ಇರುತ್ತದೆ. ಅಮ್ಮ ಕಲಿಸಿದ ಅಭ್ಯಾಸ. ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ದೇವರು ಮಾಡಿದ ಒಂದು ಉಪಕಾರವನ್ನು ಒಂದೆರಡು ಸಾಲಿನಲ್ಲಿ ಬರೆಯುವುದು. ದೊಡ್ಡ ವರಗಳೇನಲ್ಲ. ‘ಹಿಮದಲ್ಲಿ ಕಾರು ಜಾರಲಿಲ್ಲ.’ ‘ಮಗಳು ತಾನಾಗಿ ಫೋನು ಮಾಡಿದಳು.’ ‘ಕೊತ್ತಂಬರಿ ಮೊಳೆಯಿತು.’ ಕೋರ್ಟಿನ ಟಿಪ್ಪಣಿಗಳನ್ನೆಲ್ಲ ಹರಿದು ಹಾಕಬೇಕು ಎನ್ನುವುದು ನಿಯಮ. ಹರಿದು ಹಾಕುತ್ತಿದ್ದೆ. ಆದರೆ ಇದು ದೇವರ ಪುಸ್ತಕ, ಕೋರ್ಟಿನದಲ್ಲ ಎಂದುಕೊಂಡಿದ್ದೆ. ಹೆಸರು ಬರೆಯುತ್ತಿರಲಿಲ್ಲ ಎನ್ನುವುದೊಂದು ಸಮಾಧಾನ.

ಇನ್ನು ವಿದ್ಯಾ ಬರೆಯಲು ಹೇಳಿದ ತಪ್ಪು.

ಕೋರ್ಟುಗಳು ಮತ್ತೆ ಬಾಗಿಲು ತೆರೆದ ಮೇಲಿನ ಮಾತು. ಹುಡುಗನಿಗೆ ಹದಿನಾರು. ಇಲ್ಲಿ ಅಪ್ರಾಪ್ತರ ಹೆಸರು ಹೊರಗೆ ಹೇಳಬಾರದು, ಮಲ್ಲು ಎಂದಿಟ್ಟುಕೊಳ್ಳೋಣ. ಗದಗ ಕಡೆಯಿಂದ ಅಪ್ಪ ಅಮ್ಮನ ಜೊತೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಇಂಗ್ಲಿಷು ಅಷ್ಟಕ್ಕಷ್ಟೆ. ಅಪ್ಪ ಬೋಲ್ಟನ್‌ನ ಗೋದಾಮಿನ ಶಿಫ್ಟಲ್ಲಿ. ಕೋರ್ಟಿಗೆ ಬಂದವರು ದೊಡ್ಡಪ್ಪ ಈರಣ್ಣನವರು. ಅವರ ಹೆಸರೂ ಬೇರೆಯೇ. ಇಪ್ಪತ್ತು ವರ್ಷದಿಂದ ಇಲ್ಲಿದ್ದವರು, ತಮ್ಮನ ಸಂಸಾರವನ್ನು ಕರೆಸಿಕೊಂಡವರು, ಆ ಮನೆಗೆಲ್ಲ ಹಿರಿಯರು. ಬಿಳಿ ಅಂಗಿ, ಹಣೆಗೆ ವಿಭೂತಿ, ಕೈಯಲ್ಲಿ ಪ್ಲಾಸ್ಟಿಕ್ಕಿನ ಫೈಲು.

ಆರೋಪ ಇಷ್ಟು. ಒಂದು ಪ್ಲಾಜಾದ ಹಿಂದೆ ಶಾಲೆಯ ಮೂವರು ಹುಡುಗರು ಇನ್ನೊಬ್ಬ ಹುಡುಗನನ್ನು ಬೀಳಿಸಿ ಫೋನು ಕಿತ್ತುಕೊಂಡು ಓಡಿದ್ದರು. ಮಲ್ಲು ಅವರ ಜೊತೆಯಲ್ಲಿ ಬಂದವನು. ಅಂಗಡಿಯ ಕ್ಯಾಮೆರಾದಲ್ಲಿ ಅವನು ಬಿದ್ದ ಹುಡುಗನ ಮೇಲೆ ಬಗ್ಗಿ, ಅವನ ಜಾಕೆಟ್ಟು ಹಿಡಿದಿರುವುದು ಕಾಣುತ್ತಿತ್ತು. ಸರ್ಕಾರದ ವಕೀಲರ ಪ್ರಸ್ತಾಪ ಹೀಗಿತ್ತು: ಹೊಡೆದೆ ಎಂದು ಒಪ್ಪಿಕೊಂಡರೆ ದರೋಡೆಯ ಆರೋಪ ಕೈಬಿಡುತ್ತೇವೆ, ಜೈಲು ಕೇಳುವುದಿಲ್ಲ, ಪ್ರೊಬೇಷನ್, ಅಂದರೆ ಕೋರ್ಟಿನ ನಿಗಾ, ಸಾಕು.

ಕಾರಿಡಾರಿನಲ್ಲಿ ಅವರ ಲಾಯರು ಹತ್ತು ನಿಮಿಷದಲ್ಲಿ ಇದನ್ನೆಲ್ಲ ಈರಣ್ಣನವರಿಗೆ ಇಂಗ್ಲಿಷಿನಲ್ಲಿಯೇ ಹೇಳಿ, ಇನ್ನೊಂದು ಕೇಸಿಗೆ ಓಡಿದ. ನಾನು ಪಕ್ಕದಲ್ಲಿಯೇ ಇದ್ದೆ.

“ಜೇಲ್ ಇಲ್ಲಾ ಅಂದ್ರ ಮತ್ತೇನ್ ಬೇಕ್ರಿ ಅಕ್ಕಾರ? ಶಿವಾ ದೊಡ್ಡಾವ” ಎಂದು ಈರಣ್ಣನವರು ಉಸಿರು ಬಿಟ್ಟರು. ಹುಡುಗನ ಕಡೆ ತಿರುಗಿ, “ಏ ಮಲ್ಲ್ಯಾ, ಒಳಗ ಹೋಗಿ ತಪ್ಪಾತ್ರಿ ಅಂದ್ಬಿಡೂದು. ಮನ್ಯಾಗ ಹಿರ್ಯಾರ ಮುಂದ ಅಡ್ಡ ಬಿದ್ದು ಅಂತೀಯಲ್ಲ, ಹಂಗ. ಮುಗೀತದ.”

“ದೊಡ್ಡಪ್ಪಾ, ಆದ್ರ ನಾ ಅವನ್ನ—”

“ಹಿರ್ಯಾರು ಮಾತಾಡೂ ಮುಂದ ನಡುವ ಬಾಯಿ ಹಾಕಬ್ಯಾಡಂತ ಎಷ್ಟ್ ಸಲ ಹೇಳೀನಿ?”

ಹುಡುಗ ಬಾಯಿ ಮುಚ್ಚಿದ. ನಾನೇನು ಅಂದುಕೊಂಡೆ ಗೊತ್ತೇ? ನಮ್ಮ ಮಕ್ಕಳಿಗೆ ಹತ್ತು ಸಲ ಹೇಳಿದರೂ ‘ವೈ ಅಮ್ಮ, ವೈ’ ಅನ್ನುತ್ತವೆ, ಈ ಹುಡುಗ ಎಷ್ಟು ವಿಧೇಯ ಎಂದುಕೊಂಡೆ.

ಒಳಗೆ ನ್ಯಾಯಾಧೀಶೆ ಒಳ್ಳೆಯವರು. ಅಪ್ರಾಪ್ತನ ಕೇಸಾದ್ದರಿಂದ ಮನೆಯ ಹಿರಿಯರೂ ಮುಂದೆ ಬಂದು ನಿಲ್ಲಲಿ ಎಂದರು. ಹಾಗೆ ನನ್ನ ಎಡಕ್ಕೆ ಮಲ್ಲು, ಬಲಕ್ಕೆ ಈರಣ್ಣನವರು. ತಪ್ಪೊಪ್ಪಿಗೆ ಸ್ವೀಕರಿಸುವ ಮೊದಲು ಆರೋಪಿಗೆ ಕೆಲವು ಪ್ರಶ್ನೆ ಕೇಳಲೇಬೇಕು. ಅವತ್ತು ನಾಲ್ಕು ಕೇಳಿದರು. ನೀನು ಸ್ವಂತ ಇಚ್ಛೆಯಿಂದ ಒಪ್ಪಿಕೊಳ್ಳುತ್ತಿದ್ದೀಯಾ? ನೀನು ಹೊಡೆದೆ ಎನ್ನುವುದನ್ನು ಒಪ್ಪಿಕೊಂಡಂತಾಗುತ್ತದೆ, ತಿಳಿಯಿತೇ? ವಿಚಾರಣೆಯ ಹಕ್ಕನ್ನು ಬಿಟ್ಟುಕೊಡುತ್ತಿದ್ದೀಯೆ, ತಿಳಿಯಿತೇ? ವಕೀಲರು ಮಾಡಿಕೊಂಡ ಒಪ್ಪಂದಕ್ಕೆ ನಾನು ಕಟ್ಟುಬೀಳಬೇಕಾಗಿಲ್ಲ, ತಿಳಿಯಿತೇ?

ನಾನು ಎಡಕ್ಕೆ ತಿರುಗಬೇಕಿತ್ತು. ಬಲಕ್ಕೆ ತಿರುಗಿದೆ.

ಅದು ಮೈಮರೆವಲ್ಲ. ಇಂಥ ದೊಡ್ಡ ಮಾತನ್ನು ಹಿರಿಯರು ಪಕ್ಕದಲ್ಲಿ ನಿಂತಿರುವಾಗ ಅವರನ್ನು ದಾಟಿ ಚಿಕ್ಕ ಹುಡುಗನ ಹತ್ತಿರ ಆಡಿದರೆ ಅವರಿಗೆ ಅವಮಾನ. ಹೆಣ್ಣು ಕೇಳುವುದಾಗಲಿ, ಜಗಳ ತೀರಿಸುವುದಾಗಲಿ, ನಾವು ಮನೆಯ ಯಜಮಾನನ ಮುಖ ನೋಡಿ ಮಾತಾಡುವವರು. ಕೆನಡಾಕ್ಕೆ ಬಂದು ಮೂವತ್ತೈದು ವರ್ಷವಾದರೂ ನನ್ನ ಕತ್ತು ತನ್ನಷ್ಟಕ್ಕೆ ಬಲಕ್ಕೇ ತಿರುಗಿತು. “ನಿಮ್ಮ ಹುಡುಗ ತಾನಾಗಿಯೇ ಒಪ್ಪಿಕೊಳ್ತಿದಾನಾ ಅಂತ ಕೇಳ್ತಿದಾರೆ” ಎಂದು ಪಿಸುಗುಟ್ಟಿದೆ. “ಹೌದ್ರಿ” ಎಂದರು ಈರಣ್ಣನವರು. “ಯೆಸ್, ಯುವರ್ ಆನರ್” ಎಂದೆ ನಾನು, ಗಟ್ಟಿಯಾಗಿ. ಹೀಗೆ ನಾಲ್ಕು ಸಲ. ಮಲ್ಲು ದೊಡ್ಡಪ್ಪನ ಮುಖ ನೋಡಿ ಅವರ ತಲೆ ಅಲ್ಲಾಡಿದಂತೆ ತನ್ನದನ್ನೂ ಅಲ್ಲಾಡಿಸುತ್ತಿದ್ದ. ಲಾಯರು ಮುಂದಿನ ಕೇಸಿನ ಕಾಗದ ತಿರುವುತ್ತಿದ್ದ. ನ್ಯಾಯಾಧೀಶೆಗೆ ಕಂಡದ್ದು ತಲೆಯಾಡಿಸುವ ಹುಡುಗ, ಕೇಳಿಸಿದ್ದು ನನ್ನ ದನಿ.

ಒಂದೂವರೆ ವರ್ಷ ಪ್ರೊಬೇಷನ್. ಸಂಜೆ ಏಳರ ಮೇಲೆ ಮನೆಬಿಟ್ಟು ಹೊರಡಬಾರದು, ಆ ಪ್ಲಾಜಾದ ಕಡೆ ಸುಳಿಯಬಾರದು, ಸಮಾಜಸೇವೆ ಮಾಡಬೇಕು. ಈರಣ್ಣನವರು ಹೊರಗೆ ಬಂದು ನನಗೆ ಕೈ ಮುಗಿದರು. ಸಂಜೆ ದೀಪ ಹಚ್ಚಿ ನಾನು ನೋಟ್‌ಬುಕ್ಕಿನಲ್ಲಿ ಬರೆದೆ: ‘ಇವತ್ತು ಒಬ್ಬ ಹುಡುಗನ ಕೇಸು ಬೇಗ ಮುಗಿಯಿತು. ದೊಡ್ಡಪ್ಪ ಒಳ್ಳೆಯ ಮನುಷ್ಯ, ಎಲ್ಲದಕ್ಕೂ ಹೌದು ಅಂದರು. ಹುಡುಗ ಬಾಯಿಯೇ ಬಿಡಲಿಲ್ಲ. ದೇವರ ದಯೆ.’

ಏಳೆಂಟು ತಿಂಗಳಾದ ಮೇಲೆ ಗ್ರೇಸ್ ಎಂಬ ಲಾಯರಮ್ಮ ಫೋನು ಮಾಡಿದಳು. ಬಡವರಿಗೆ ನೆರವಾಗುವ ಕಚೇರಿಯವಳು. ಮಲ್ಲು ಶಾಲೆಯ ಮೂಲಕ ಒಂದು ವೃದ್ಧರ ಆರೈಕೆಯ ಮನೆಯಲ್ಲಿ ಕೆಲಸ ಕಲಿಯಲು ಅರ್ಜಿ ಹಾಕಿದ್ದನಂತೆ. ಅವನಿಗೆ ಅದೇ ಕೆಲಸ ಬೇಕಿತ್ತು, ಅದನ್ನೇ ಓದಬೇಕೆಂದಿದ್ದ. ಪೊಲೀಸ್ ದಾಖಲೆ ನೋಡಿ ಅರ್ಜಿ ವಾಪಸು ಬಂತು. ಕೈಲಾಗದವರಿರುವ ಜಾಗಕ್ಕೆ ಹೊಡೆದವನನ್ನು ಹೇಗೆ ಬಿಟ್ಟಾರು? ಶಾಲೆಯ ಟೀಚರು ಕಾರಣ ಕೇಳಿದಾಗ ಹುಡುಗ ತನ್ನ ಅರೆಬರೆ ಇಂಗ್ಲಿಷಿನಲ್ಲಿ, “ಐ ನಾಟ್ ಹಿಟ್. ಐ ಲಿಫ್ಟ್” ಎಂದು ಎರಡು ಕೈಯನ್ನೂ ಮೇಲೆತ್ತಿ ತೋರಿಸಿದನಂತೆ. ಬಿದ್ದವನನ್ನು ಎಬ್ಬಿಸಲು ಬಗ್ಗಿದ್ದ. ಅದನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕಾರಿಡಾರಿನಲ್ಲಿ ‘ನಾ ಅವನ್ನ’ ಎಂದು ನಿಂತ ಮಾತು ಅಲ್ಲಿ ಮುಗಿದಿತ್ತು.

ಮೇಲ್ಮನವಿಗೆ ಅವಧಿ ದಾಟಿತ್ತು. ಗ್ರೇಸ್ ಅವಧಿ ವಿಸ್ತರಿಸಲು ಕೇಳಿಕೊಂಡಿದ್ದಳು. ಅವಳ ಮನವಿ ಎರಡು: ತಪ್ಪೊಪ್ಪಿಗೆ ಹುಡುಗನದೇ ಅಲ್ಲ, ಆದ್ದರಿಂದ ಅಪರಾಧದ ತೀರ್ಪನ್ನೇ ತೆಗೆದುಹಾಕಿ. ಅದಾಗದಿದ್ದರೆ ಶಿಕ್ಷೆಯನ್ನಾದರೂ ಸಡಿಲಿಸಿ, ದಾಖಲೆ ಬೇಗ ಅಳಿಯುವಂತೆ ಮಾಡಿ.

“ಕೋರ್ಟಿನ ರೆಕಾರ್ಡಿಂಗ್ ಕೇಳಿದೆ” ಎಂದಳು ಗ್ರೇಸ್. “ನಾಲ್ಕು ಸಲ ನಿಮ್ಮ ‘ಯೆಸ್’ ಸ್ಪಷ್ಟವಾಗಿದೆ. ಅದಕ್ಕೆ ಮೊದಲಿನ ಪಿಸುಮಾತು ಕೇಳಿಸುವುದಿಲ್ಲ. ಹುಡುಗ ತಾನು ಏನೂ ಹೇಳಲಿಲ್ಲ ಎನ್ನುತ್ತಾನೆ. ಅವನ ದೊಡ್ಡಪ್ಪ ತನಗೆ ನೆನಪಿಲ್ಲ ಎನ್ನುತ್ತಾರೆ. ನಿಮಗೆ ನೆನಪಿದೆಯೇ?”

ಒಲೆಯ ಮೇಲೆ ಹಾಲಿಟ್ಟಿದ್ದೆ. ಅದು ಉಕ್ಕಿ ಹರಿದದ್ದೂ ತಿಳಿಯಲಿಲ್ಲ. “ನಾಳೆ ಹೇಳುತ್ತೇನೆ” ಎಂದು ಫೋನಿಟ್ಟೆ.

ಮನೆಯವರಿಗೆ ಹೇಳಿದೆ. ಅವರು ಲೆಕ್ಕಾಚಾರದ ಮನುಷ್ಯ. “ರೆಕಾರ್ಡಲ್ಲಿ ಇಲ್ಲ. ದೊಡ್ಡಪ್ಪಂಗೇ ನೆನಪಿಲ್ಲವಂತೆ. ದಿನಕ್ಕೆ ಹತ್ತು ಕೇಸು ಮಾಡೋ ನಿಂಗೆ ನೆನಪಿರಬೇಕು ಅಂತ ಏನಿದೆ? ನೆನಪಿಲ್ಲ ಅಂದ್ಬಿಡು. ಅದು ಸುಳ್ಳು ಅಂತ ಯಾರೂ ಅನ್ನಲ್ಲ.” ಮಗಳಿಗೆ ಫೋನು ಮಾಡಿದರೆ, “ಅಮ್ಮಾ, ಸ್ಟಾಪ್ ಟಾಕಿಂಗ್. ಯು ನೀಡ್ ಎ ಲಾಯರ್” ಎಂದಳು. ಇಬ್ಬರೂ ನನ್ನ ಒಳ್ಳೆಯದಕ್ಕೇ ಹೇಳಿದ್ದು.

ಸಂಜೆ ದೀಪ ಹಚ್ಚಿ ನೋಟ್‌ಬುಕ್ಕು ತೆಗೆದು ಹಿಂದಿನ ಪುಟಗಳನ್ನು ತಿರುವಿದೆ. ಆ ದಿನದ ಸಾಲು ಅಲ್ಲಿತ್ತು, ನನ್ನದೇ ದುಂಡಗಿನ ಅಕ್ಷರದಲ್ಲಿ. ಎಲ್ಲದಕ್ಕೂ ಹೌದು ಅಂದರು. ಹುಡುಗ ಬಾಯಿಯೇ ಬಿಡಲಿಲ್ಲ. ಕೊನೆಗೆ ದೇವರ ದಯೆ ಎಂದು ಸಹಿ ಬೇರೆ ಹಾಕಿಸಿಬಿಟ್ಟಿದ್ದೆ. ಒಂದು ಮಗುವಿನ ಬಾಯಿ ಮುಚ್ಚಿದ್ದಕ್ಕೆ ದೇವರಿಗೆ ಉಪಕಾರ ಹೇಳಿದ್ದೆನಲ್ಲ! ‘ಇವರು ಸುಳ್ಳು ಹೇಳುವವರ ಹಾಗೆ ಕಾಣುವುದಿಲ್ಲ’ ಎಂದಿದ್ದ ನ್ಯಾಯಾಧೀಶರ ಮುಖ ಕಣ್ಣಮುಂದೆ ಬಂತು. ನೆನಪಿಲ್ಲ ಎನ್ನುವುದಾದರೆ ಆ ಪುಟ ಹರಿಯಬೇಕಿತ್ತು. ದೇವರ ಮುಂದೆ ಬರೆದದ್ದನ್ನು ದೇವರ ಮುಂದೆಯೇ ಹರಿಯುವುದು ನನ್ನ ಕೈಲಾಗಲಿಲ್ಲ. ಇದರಲ್ಲಿ ದೊಡ್ಡತನ ಏನೂ ಇಲ್ಲ, ಭಯ ಅಷ್ಟೇ.

ಮಾರನೆಯ ದಿನ ನೋಟ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಗ್ರೇಸ್‌ಳ ಕಚೇರಿಗೆ ಹೋದೆ. ಅವಳು ಮೊದಲು ನನ್ನನ್ನು ಬೇರೆ ಲಾಯರ ಸಲಹೆ ಕೇಳಿ ಬನ್ನಿ ಎಂದು ಕಳಿಸಿದಳು. ಪ್ರಾಮಾಣಿಕ ಹೆಂಗಸು. ಆಮೇಲೆ ನಾನು ಪ್ರಮಾಣಪತ್ರ ಬರೆದುಕೊಟ್ಟೆ. ನಾನು ಹುಡುಗನಿಗೆ ಪ್ರಶ್ನೆ ಹೇಳಲಿಲ್ಲ, ಅವನು ಉತ್ತರ ಕೊಡಲಿಲ್ಲ, ನಾಲ್ಕು ‘ಹೌದು’ ಅವನ ದೊಡ್ಡಪ್ಪನದು. ಪುಟದ ಪ್ರತಿ ತೆಗೆದು ಜೊತೆಗೆ ಲಗತ್ತಿಸಿದರು. ಅದರ ಮೇಲಿನ ಸಾಲು, ‘ಬದನೆಕಾಯಿ ಎಣ್ಣೆಗಾಯಿ ಚೆನ್ನಾಗಿ ಬಂತು’ ಎನ್ನುವುದೂ ಕೋರ್ಟಿಗೆ ಹೋಯಿತು.

ಡೊರೀನ್‌ಗೆ ನಾನೇ ಫೋನು ಮಾಡಿ ಹೇಳಿದೆ. ಅವಳ ನಿವೃತ್ತಿಗೆ ಎರಡೇ ತಿಂಗಳಿತ್ತು. “ನಿನ್ನ ಹೆಸರನ್ನು ಪಟ್ಟಿಯಿಂದ ತೆಗೆಯಬೇಕಾಗುತ್ತದೆ. ವಿಚಾರಣೆ ಮುಗಿಯುವ ತನಕ.”

“ಗೊತ್ತು.”

“ಚಕ್ಕುಲಿಯ ದಿನವೇ ನಿನ್ನನ್ನು ಇನ್ನೂ ಜೋರಾಗಿ ಬೈಯಬೇಕಿತ್ತು ನಾನು” ಎಂದಳು.

ಅವಧಿ ವಿಸ್ತರಣೆ ಸಿಕ್ಕಿತು. ಮೇಲ್ಮನವಿಯ ದಿನ ಮೊದಲು ನನ್ನನ್ನು ಕರೆದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕೋರ್ಟಿನಲ್ಲಿ ‘ನಾನು’ ಎಂದು ಹೇಳಿ ನನ್ನ ವಿಷಯವನ್ನೇ ಹೇಳಿದೆ. ಸರ್ಕಾರದ ವಕೀಲೆ ಎತ್ತರದ, ಮೃದು ಮಾತಿನವಳು. “ಇಷ್ಟು ಅನುಭವವಿದ್ದೂ ಇದು ತಪ್ಪೆಂದು ನಿಮಗೆ ಅವತ್ತು ಅನ್ನಿಸಲಿಲ್ಲವೇ?” ಎಂದು ಕೇಳಿದಳು. “ಇಲ್ಲ. ಮರ್ಯಾದೆ ಎಂದು ಅನ್ನಿಸಿತ್ತು” ಎಂದೆ. ನಾನು ಇಳಿದು ಹಿಂದಿನ ಬೆಂಚಿನಲ್ಲಿ, ಈರಣ್ಣನವರ ಪಕ್ಕದಲ್ಲಿ ಕೂತೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವರ ಮರ್ಯಾದೆಯನ್ನು ನಾನು ನಾಲ್ಕು ಜನರ ಮುಂದೆ ಇಟ್ಟಿದ್ದೆನಲ್ಲ.

ಆಮೇಲೆ ಮಲ್ಲುವನ್ನು ಕರೆದರು. ಅವನ ಪಕ್ಕ ದುಭಾಷಿಯಾಗಿ ನಿಂತವಳೇ ವಿದ್ಯಾ. ಅವಳನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ. ಹುಡುಗನ ಕಡೆ ಪೂರ್ತಿ ತಿರುಗಿ, ನಮಗೆ ಬೆನ್ನು ಮಾಡಿ ನಿಂತಳು. ಸೊಕ್ಕಿನವಳು ಎಂದುಕೊಂಡೆ ಮೊದಲು.

ಸರ್ಕಾರದ ವಕೀಲೆ ಕೇಳಿದಳು, ಉದ್ದದ ಪ್ರಶ್ನೆ: ನ್ಯಾಯಾಧೀಶೆ ಪ್ರತಿ ಸಲ ಮಾತಾಡಿದಾಗಲೂ ನೀನು ತಲೆಯಾಡಿಸಿದೆ, ಆ ಇಂಗ್ಲಿಷು ನಿನಗೆ ಅಷ್ಟಿಷ್ಟು ಅರ್ಥವಾಗಿರಲೇಬೇಕು, ಹೌದಲ್ಲವೇ? ವಿದ್ಯಾ ಅದನ್ನು ಕನ್ನಡದಲ್ಲಿ ಹೇಳಿದಳು. ಹುಡುಗ ಸುಮ್ಮನೆ ನಿಂತ. ನನ್ನ ಪಕ್ಕದಲ್ಲಿ ಈರಣ್ಣನವರ ಮೊಣಕಾಲು ಅಲುಗತೊಡಗಿತು. ದೊಡ್ಡವರು ಪ್ರಶ್ನೆ ಕೇಳಿದ್ದಾರೆ, ತಮ್ಮ ಹುಡುಗ ಉತ್ತರ ಕೊಡದೆ ಕಲ್ಲಿನ ಹಾಗೆ ನಿಂತಿದ್ದಾನೆ. ಅವರಿಂದ ತಡೆಯಲಾಗಲಿಲ್ಲ.

“ಏ ಮಲ್ಲ್ಯಾ! ಹೌದ್ರಿ ಅನ್ನೋ!”

ಕೋರ್ಟಿನ ಎಲ್ಲ ತಲೆಗಳೂ ಹಿಂದೆ ತಿರುಗಿದವು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, “ಆ ಮಹನೀಯರು ಏನಂದರು?” ಎಂದು ಕೇಳಿದರು.

ನಾನಾಗಿದ್ದರೆ ಸುತ್ತಿ ಬಳಸಿ ಏನಾದರೂ ಹೇಳುತ್ತಿದ್ದೆ. ವಿದ್ಯಾ ಹೇಳಿದಳು, ಅಕ್ಷರ ಬಿಡದೆ: “ಅವರು ಹೇಳಿದ್ದು, ಏ ಮಲ್ಲ್ಯಾ, ಹೌದು ಎನ್ನು ಅಂತ.”

ಆಗ ಮಲ್ಲು ಹಿಂದೆ ತಿರುಗಿದ. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. “ಇಲ್ಲ ದೊಡ್ಡಪ್ಪಾ. ನನಗ ತಿಳೀಲಿಲ್ಲ.” ಆಮೇಲೆ ವಕೀಲೆಯ ಕಡೆ ತಿರುಗಿ, “ಅವತ್ತೂ ತಿಳೀಲಿಲ್ರೀ. ಇನ್ನೊಮ್ಮೆ ಹೇಳ್ರಿ, ನಾ ಹೇಳ್ತೀನಿ” ಎಂದ. ವಿದ್ಯಾ ಅದನ್ನೂ ಹಾಗೆಯೇ ಹೇಳಿದಳು. ವಕೀಲೆ ನ್ಯಾಯಾಧೀಶರನ್ನು ನೋಡಿದಳು, ಈರಣ್ಣನವರನ್ನು ನೋಡಿದಳು. ಪ್ರಶ್ನೆಯನ್ನು ಬಿಡಿಸಿ, ಚಿಕ್ಕದು ಮಾಡಿ, ಇನ್ನೊಮ್ಮೆ ಕೇಳಿದಳು. ಅವನು ಒಂದೊಂದಕ್ಕೂ ತಾನೇ ಉತ್ತರ ಕೊಟ್ಟ.

ಹೊರಗೆ ಬಂದ ಮೇಲೆ ಈರಣ್ಣನವರು ಕಿಟಕಿಯ ಹತ್ತಿರ ಫೈಲನ್ನು ಎದೆಗವಚಿಕೊಂಡು ನಿಂತಿದ್ದರು. ನಾನು ಹತ್ತಿರ ಹೋಗಲು ಹೆದರಿ ದೂರದಲ್ಲಿದ್ದೆ. ಅವರೇ ಬಂದರು.

“ಅಕ್ಕಾರ, ನಾನ ಕೆಡಿಸಿದ್ನೇನ್ರಿ?”

“ಇಲ್ಲ ಈರಣ್ಣನೋರೇ. ನಾನು ಕಾಗದದಲ್ಲಿ ಬರೆದಿದ್ದನ್ನ ನೀವು ಮಾಡಿ ತೋರಿಸಿದ್ರಿ.”

ಅವರು ಅರ್ಧ ನಕ್ಕರು, ಅರ್ಧ ಅತ್ತರು. “ನನ್ನ ಮಗನಕಿಂತ ಹೆಚ್ಚರಿ ಅವ ನನಗ. ಜೇಲ್ ತಪ್ಪಿಸಿದ್ನಿ ಅಂತ ತಿಳ್ಕೊಂಡಿದ್ನಿ.”

“ನಾನೂ ಹಾಗೇ ತಿಳಿದಿದ್ದೆ” ಎಂದೆ.

ಕೆಲವು ವಾರದ ಮೇಲೆ ತೀರ್ಪು ಬಂತು. ತಪ್ಪೊಪ್ಪಿಗೆ ಹುಡುಗನದಾಗಿರಲಿಲ್ಲ, ಅಪರಾಧದ ತೀರ್ಪೂ ಶಿಕ್ಷೆಯೂ ರದ್ದು, ಹೊಸದಾಗಿ ವಿಚಾರಣೆ ನಡೆಯಲಿ. ಹೊಸ ವಿಚಾರಣೆ ನಡೆಯಲೇ ಇಲ್ಲ. ಬಿದ್ದ ಹುಡುಗ ಮೊದಲ ದಿನವೇ ‘ಒಬ್ಬ ನನ್ನನ್ನು ಎಬ್ಬಿಸಿದ’ ಎಂದು ಹೇಳಿಕೆ ಕೊಟ್ಟಿದ್ದನಂತೆ. ಅದು ಕಾಗದದ ಕಂತೆಯೊಳಗೆ ಇತ್ತು. ಯಾರೂ ಅಲ್ಲಿಯ ತನಕ ಓದುವ ಮೊದಲೇ ನಾವು ಹೌದು ಎಂದುಬಿಟ್ಟಿದ್ದೆವು. ಸರ್ಕಾರ ಆರೋಪವನ್ನು ಹಿಂತೆಗೆದುಕೊಂಡಿತು.

ನನ್ನ ವಿಚಾರಣೆಯೂ ಮುಗಿದು ಕಾಗದ ಬಂತು. ಮತ್ತೆ ತರಬೇತಿ ಪಡೆದರೆ ಪಟ್ಟಿಗೆ ಸೇರಿಸಿಕೊಳ್ಳುತ್ತೇವೆ ಎಂದಿದ್ದರು. ಅಷ್ಟು ದಯೆಯನ್ನು ನಾನು ನಿರೀಕ್ಷಿಸಿರಲಿಲ್ಲ. ವಂದನೆ ಹೇಳಿ, ಸಾಕು ಎಂದು ಬರೆದೆ. ನನ್ನ ಕತ್ತನ್ನು ನಾನು ನಂಬುವ ಹಾಗಿರಲಿಲ್ಲ. ಈಗಲೂ ಬೆಳಗ್ಗೆ ಏಳಕ್ಕೆ ದೀಪ ಹಚ್ಚುವಾಗ ಕಿವಿ ಫೋನಿನ ಕಡೆ ಹೋಗುತ್ತದೆ. ಆ ಕಾರಿಡಾರು, ಮೂರನೆಯ ಮಹಡಿಯ ಕೆಟ್ಟ ಕಾಫಿ, ಮೀಸೆಯ ಅಜ್ಜ, ದಿನಕ್ಕೊಬ್ಬರಾಗಿ ಬದುಕಿದ್ದು, ಎಲ್ಲ ನೆನಪಾಗುತ್ತದೆ. ನೋಟ್‌ಬುಕ್ಕಿನಲ್ಲಿ ಬರೆಯುವುದನ್ನು ಬಿಟ್ಟಿಲ್ಲ. ಆದರೆ ‘ದೇವರ ದಯೆ’ ಎಂದು ಬರೆಯುವ ಮೊದಲು ಪೆನ್ನು ಎತ್ತಿ ಹಿಡಿದು, ಇದು ಯಾರಿಗೆ ದಯೆ ಎಂದು ಒಂದು ಕ್ಷಣ ಯೋಚಿಸುತ್ತೇನೆ.

ಹೋದ ಯುಗಾದಿಗೆ ಬಳಗದ ಊಟದಲ್ಲಿ ಈರಣ್ಣನವರು ಸಿಕ್ಕರು. ಪಂಕ್ತಿಯ ಕೊನೆಯಲ್ಲಿ ನಿಂತು ಹೋಳಿಗೆಗೆ ತುಪ್ಪ ಬಡಿಸುತ್ತಿದ್ದರು. ಪಕ್ಕದಲ್ಲಿ ತುಪ್ಪದ ಪಾತ್ರೆ ಹಿಡಿದು ನಿಂತವನು ಮಲ್ಲು, ದೊಡ್ಡಪ್ಪನಿಗಿಂತ ಒಂದು ಗೇಣು ಎತ್ತರ, ತುಟಿಯ ಮೇಲೆ ಎಳೆ ಮೀಸೆ. ನನಗೆ ಸಂತೋಷ ತಡೆಯಲಾಗಲಿಲ್ಲ.

“ಈರಣ್ಣನೋರೇ, ಹುಡುಗ ಈಗ ಏನ್ ಮಾಡ್ತಿದಾನೆ?” ಎಂದು ಕೇಳಿದೆ.

ಅವರು ಬಾಯಿ ತೆರೆದರು. ಮುಚ್ಚಿದರು. ಚಮಚೆಯನ್ನು ಪಾತ್ರೆಯೊಳಗಿಟ್ಟು, ನನ್ನನ್ನೇ ನೋಡಿ ನಕ್ಕರು.

“ಅವನ್ನ ಕೇಳ್ರಿ ಅಕ್ಕಾರ. ಇಲ್ಲೇ ನಿಂತಾನ.”